ಹಾಲಕ್ಕಿ ನುಡಿಯುವ ಹಾದಿ

ಹಳೆಯ ಪಟ್ಟಣವೊಂದರ ಬೀದಿಗಳಲ್ಲಿ ಕತ್ತಲಾದ ಮೇಲೆ ಗುಂಪಾಗಿ ನಡೆಯುತ್ತ, ಸತ್ತವರ ಕತೆಗಳನ್ನು ಅವರು ಬಾಳಿ ಅಳಿದ ಜಾಗದಲ್ಲೇ ನಿಂತು ಕೇಳುವ ಪ್ರವಾಸಕ್ಕೆ ದೆವ್ವದ ನಡಿಗೆ ಎಂದು ಹೆಸರು. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1973ರಿಂದ ನಡೆದುಬಂದಿರುವ ನಡಿಗೆ ಈ ಬಗೆಯಲ್ಲಿ ಎಲ್ಲಕ್ಕಿಂತ ಹಳೆಯದು ಎಂದು ಹೇಳಿಕೊಳ್ಳುತ್ತದೆ. ಎಡಿನ್‌ಬರೋ ನಗರದ ನೆಲಮಾಳಿಗೆಗಳಲ್ಲೂ ಹಳೆಯ ಸ್ಮಶಾನಗಳಲ್ಲೂ ಇದು ದಿನನಿತ್ಯದ ಕಸುಬು. ದೆಹಲಿಯ ಪ್ರವಾಸೋದ್ಯಮ ಇಲಾಖೆ 2023ರಲ್ಲಿ ಪಾಳುಬಿದ್ದ ಮಾಲ್ಚಾ ಮಹಲಿನಿಂದ ಇಂಥದೊಂದು ನಡಿಗೆಯನ್ನು ಆರಂಭಿಸಿತು. ಮುಂದೆ ಕಂದೀಲು ಹಿಡಿದ ಮಾರ್ಗದರ್ಶಿ, ಹಿಂದೆ ಹತ್ತಿಪ್ಪತ್ತು ಮಂದಿ. ಒಂದು ಓಣಿ, ಒಂದು ಬಾವಿ, ಒಂದು ಮುಚ್ಚಿದ ಮನೆ. ಪ್ರತಿಯೊಂದರ ಮುಂದೆಯೂ ಒಂದು ಸಾವಿನ ಕತೆ. ನಡಿಗೆಯ ಚೌಕಟ್ಟು ಎಲ್ಲ ಕಡೆಯೂ ಹೆಚ್ಚುಕಡಿಮೆ ಇಷ್ಟೇ.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಇದಕ್ಕೆ ಹೊಂದುವ ರೂಢಿ ಟಿಕೆಟ್ಟಿಲ್ಲದೆ, ಬೇರೆ ಹೆಸರುಗಳಲ್ಲಿ, ಬಹುಕಾಲದಿಂದ ಇದೆ. ಹಳೆ ಮೈಸೂರು ಭಾಗದ ಊರುಗಳಲ್ಲಿ ಕೋಳಿ ಕೂಗುವ ಮುಂಚೆ ಬೀದಿಗೆ ಬರುತ್ತಿದ್ದವರು ಬುಡುಬುಡಿಕೆಯವರು. ಸುಡುಗಾಡಿನಲ್ಲಿ ಕೂತು ಹಾಲಕ್ಕಿ ಎಂಬ ಸಣ್ಣ ಗೂಬೆಯ ನುಡಿ ಕೇಳಿಸಿಕೊಂಡು ಬಂದವರೆಂದು ಅವರ ಬಗ್ಗೆ ನಂಬಿಕೆ. ತಲೆಗೆ ಪೇಟ, ಮೈಮೇಲೆ ಹಲವು ಬಣ್ಣದ ಹಳೆಯ ಕೋಟು, ಕೈಯಲ್ಲಿ ಪುಟ್ಟ ಬುಡುಬುಡಿಕೆ. ನಿದ್ದೆಗಣ್ಣಿನ ಮನೆಗಳ ಮುಂದೆ ನಿಂತು ಆ ಮನೆಗೆ ಆಗಲಿರುವುದನ್ನು, ಆ ಮನೆಯಿಂದ ಹೋದವರ ಆಸೆಯನ್ನು ನುಡಿದು ಮುಂದೆ ಸಾಗುತ್ತಿದ್ದರು. ಬೆಳಕು ಹರಿದ ಮೇಲೆ ಅದೇ ಮನೆಗಳಿಗೆ ಮತ್ತೆ ಬಂದು ಕಾಳು, ಹಳೆಬಟ್ಟೆ ಪಡೆಯುತ್ತಿದ್ದರು. ಸುಡುಗಾಡು ಸಿದ್ಧರದು ಇನ್ನೊಂದು ಬಗೆ, ಕೈಚಳಕ ಮತ್ತು ಮಾತು ಎರಡೂ ಬಲ್ಲವರು. ಎತ್ತಿನ ಮೇಲೆ ಕೂತು ಬರುವ ಹೆಳವರು ಒಂದೊಂದು ಮನೆತನದ ತಲೆತಲಾಂತರದ ಹೆಸರುಗಳನ್ನು ಒಪ್ಪಿಸುವವರು. ಯಾರ ಅಜ್ಜನ ಅಜ್ಜ ಯಾವ ಊರಿಂದ ಬಂದ, ಯಾವ ಬರದಲ್ಲಿ ಊರು ಬಿಟ್ಟ, ಯಾರಿಗೆ ಮಕ್ಕಳಾಗಲಿಲ್ಲ ಎಂಬುದೆಲ್ಲ ಅವರ ನಾಲಿಗೆಯ ಮೇಲೆ. ಸತ್ತವರ ಸುದ್ದಿ ಹೊತ್ತು ಬೀದಿ ನಡೆಯುವ ಈ ಮೂರು ಕಸುಬುಗಳನ್ನು ಬಿಟ್ಟು ಈ ಸೀಮೆಯಲ್ಲಿ ದೆವ್ವದ ನಡಿಗೆಯ ಮಾತಾಡಲಾಗದು.

ಯಾರ್ಕಿನ ನಡಿಗೆಗಳಲ್ಲಿ ತಪ್ಪದೆ ಹೇಳುವ ಕತೆ ಹ್ಯಾರಿ ಮಾರ್ಟಿಂಡೇಲ್ ಎಂಬುವವರದು. 1953ರಲ್ಲಿ, ಇನ್ನೂ ಕೆಲಸ ಕಲಿಯುವ ಹುಡುಗನಾಗಿದ್ದಾಗ, ಅಲ್ಲಿನ ಟ್ರೆಷರರ್ಸ್ ಹೌಸ್ ಎಂಬ ಹಳೆಯ ಮನೆಯ ನೆಲಮಾಳಿಗೆಯಲ್ಲಿ ಅವರಿಗೆ ರೋಮನ್ ಸೈನಿಕರ ಸಾಲೊಂದು ಗೋಡೆ ದಾಟಿ ಹೋದಂತೆ ಕಂಡಿತು. ಮೊಣಕಾಲಿನ ಕೆಳಗೆ ಅವರಿಗೆ ಕಾಲಿರಲಿಲ್ಲ. ನೆಲದ ಅಡಿಯಲ್ಲಿ ಹಳೆಯ ರೋಮನ್ ರಸ್ತೆಯಿದ್ದದ್ದರಿಂದ ಸೈನಿಕರು ಆ ರಸ್ತೆಯ ಮೇಲೆ ನಡೆಯುತ್ತಿದ್ದರು ಎಂಬುದು ಕತೆಯ ತಿರುವು. ಕೇಳಲು ಸೊಗಸಾದ ಕತೆ. ಆದರೆ ಆ ಸೈನಿಕರು ಯಾರಿಗೂ ಏನೂ ಆಗಬೇಕಿಲ್ಲ. ಅವರಿಗೆ ಹೆಸರಿಲ್ಲ, ಮನೆಯಿಲ್ಲ, ಕೇಳುವವರ ಜೊತೆ ನಂಟಿಲ್ಲ. ತುಮಕೂರಿನ ಮಂಡಿಪೇಟೆಯಲ್ಲೋ ಗುಬ್ಬಿಯ ಸಂತೆಬೀದಿಯಲ್ಲೋ ಹೊರಗಿನವರು ಯಾರಾದರೂ ದೆವ್ವದ ಕತೆ ಕೇಳಿದರೆ ಮೊದಲು ಎದುರಾಗುವುದು ಇನ್ನೊಂದು ಪ್ರಶ್ನೆ: "ನೀವು ಯಾರ ಪೈಕಿ?" ಕೇಳುವವರ ಮನೆತನ, ಊರು, ಬಂದ ಕಾರಣ ಗೊತ್ತಾಗುವವರೆಗೂ ಕತೆ ಹೊರಬರುವುದಿಲ್ಲ. ಇಲ್ಲಿ ದೆವ್ವ ಎಂದರೆ ಯಾರೋ ಒಬ್ಬರ ಅತ್ತೆ, ಯಾರೋ ಒಬ್ಬರ ತಮ್ಮ. ಅವರ ಸಂಬಂಧಿಕರು ಅದೇ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿರುತ್ತಾರೆ.

ತುಮಕೂರು ನಗರದಲ್ಲಿ ಇಂಥ ನಡಿಗೆಗೆ ತಕ್ಕ ಭಾಗ ಚಿಕ್ಕಪೇಟೆ, ಅಗ್ರಹಾರ, ಮಂಡಿಪೇಟೆ, ಹೊರಪೇಟೆಗಳ ಹಳೆಯ ಬೀದಿಗಳು. ಊರಿನ ಪಕ್ಕದ ಅಮಾನಿಕೆರೆ ಈಗ ಉದ್ಯಾನವಾಗಿ, ಸಂಜೆ ನಡೆಯುವವರ ಜಾಗವಾಗಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಈ ನಗರದ ಮುಖ್ಯ ರಸ್ತೆಗಳಲ್ಲಿ ಕತ್ತಲೆಂಬುದು ಉಳಿದಿಲ್ಲ. "ಕರೆಂಟು ಬಂದ್ಮೇಲೆ ದೆವ್ವಗಳೆಲ್ಲ ಓಡೋದ್ವು" ಎಂಬ ಮಾತು ಜಿಲ್ಲೆಯ ಯಾವ ಹಳ್ಳಿಕಟ್ಟೆಯಲ್ಲೂ ಕೇಳಸಿಗುತ್ತದೆ. ಅದು ಅರ್ಧ ನಿಜ. ಒಳಬೀದಿಗೆ ತಿರುಗಿದರೆ ನಾಡಹಂಚಿನ ಮನೆ, ತಗ್ಗಾದ ಜಗಲಿ, ಕಬ್ಬಿಣದ ಸರಳಿನ ಕಿಟಕಿ, ಗೋಡೆಗೆ ಅಂಟಿ ನಿಂತ ಮುಚ್ಚಿದ ಸೇದುಬಾವಿ ಇನ್ನೂ ಅಲ್ಲಲ್ಲಿ ಉಳಿದಿವೆ. ಊರಾಚೆ ಹುಣಸೆಯ ತೋಪುಗಳಿವೆ. ಹುಣಸೆಮರದಡಿ ರಾತ್ರಿ ಮಲಗಬಾರದು, ಮಟಮಟ ಮಧ್ಯಾಹ್ನ ಹಾದುಹೋಗಬಾರದು ಎಂಬ ಕಟ್ಟಳೆಯನ್ನು ಹುಣಸೆಹಣ್ಣು ಬಡಿದು ಮಾರಿ ಬದುಕುವವರೂ ಪಾಲಿಸುತ್ತಾರೆ.

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಹಳ್ಳಿಗಳವರೆಗೆ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಸುಣ್ಣದಲ್ಲಿ, ಇದ್ದಿಲಲ್ಲಿ ಬರೆದ ಕಾಲವೊಂದಿತ್ತು. ರಾತ್ರಿ ಬಂದು ಮನೆಯವರ ಹೆಸರು ಹಿಡಿದು, ಮನೆಯವರದೇ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ ಆ ಬರಹ ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ದಶಕಗಳ ನಂತರ ಅದೇ ಕಲ್ಪನೆ ಹಿಂದಿಯ 'ಸ್ತ್ರೀ' ಚಿತ್ರದಲ್ಲಿ ಕಾಣಿಸಿಕೊಂಡಿತು. ಆ ಗೋಡೆಬರಹಗಳು ಸುಣ್ಣಬಣ್ಣದ ಅಡಿಯಲ್ಲಿ ಹೋಗಿವೆ. ಅದರಲ್ಲಿದ್ದ ಸಲಿಗೆಯನ್ನು ಮಾತ್ರ ಮಾರ್ಗದರ್ಶಿಯಾದವರು ಗಮನಿಸಬೇಕು. ಬೇಡವಾದ ನೆಂಟರನ್ನು ಸಾಗಹಾಕುವಾಗಲೂ ಮನೆಮಂದಿ ಬಾಯಿಬಿಟ್ಟು ಹೋಗು ಎನ್ನುವುದಿಲ್ಲ. ನಾಳೆ ಬಾ ಎನ್ನುತ್ತಾರೆ. ದೆವ್ವಕ್ಕೂ ಅದೇ ಮರ್ಯಾದೆ ಸಂದಿತು.

ಈ ಸೀಮೆಯ ಸತ್ತವರಲ್ಲಿ ಎಷ್ಟೋ ಮಂದಿ ಹಸಿದು ಸತ್ತವರು ಎಂಬುದನ್ನು ನೆನೆಯದೆ ಯಾವ ಕತೆಯೂ ಪೂರ್ತಿಯಾಗುವುದಿಲ್ಲ. 1876ರಲ್ಲಿ ಮಳೆ ಕೈಕೊಟ್ಟು ಧಾತು, ಈಶ್ವರ ಸಂವತ್ಸರಗಳೆರಡನ್ನೂ ನುಂಗಿದ ಬರಗಾಲ ಮೈಸೂರು ಸಂಸ್ಥಾನವನ್ನೇ ಮುರಿಯಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ ಇತ್ತು. 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಕೆರೆಗಳನ್ನೇ ನಂಬಿದ ತುಮಕೂರಿನಂಥ ಬಯಲುಸೀಮೆಯ ಹಳ್ಳಿಗಳಿಗೆ ಕೆರೆ ಬತ್ತಿದ ಮೇಲೆ ಬೇರೆ ಆಸರೆ ಇರಲಿಲ್ಲ. ಜನ ಗುಳೆ ಎದ್ದು ದಾರಿಬದಿಯಲ್ಲಿ ಬಿದ್ದರು. ಸುಡುವವರಿಲ್ಲ, ಹೂಳುವವರಿಲ್ಲ, ಹೆಸರು ಕೂಗಿ ನೀರು ಬಿಡುವವರಿಲ್ಲ. ಸಂಸ್ಕಾರ ಕಾಣದೆ ಹೋದವರು ಗಾಳಿಯಾಗಿ ತಿರುಗುತ್ತಾರೆ ಎಂದು ನಂಬುವ ಜನಕ್ಕೆ ಅಷ್ಟು ಸಾವಿರ ಸಾವು ಎಂಥ ಭಾರವಾಗಿ ಕೂತಿರಬೇಕು! ದಾರಿಬದಿಯ ಹುಣಸೆಮರ, ಬತ್ತಿದ ಕೆರೆಯ ಅಂಗಳ, ಪಾಳು ಛತ್ರಗಳು ದೆವ್ವದ ನೆಲೆಯೆಂದು ಹೆಸರಾದದ್ದಕ್ಕೂ ಗುಳೆ ಹೊರಟವರು ಬಿದ್ದು ಸತ್ತ ಜಾಗಗಳಿಗೂ ನಂಟಿದೆ ಎಂದು ತೋರುವುದು ಸಹಜ.

ಹಸಿವಿಗೂ ಸತ್ತವರಿಗೂ ಇರುವ ಈ ನಂಟು ಕಣ್ಣಿಗೆ ಕಾಣುವುದು ಭಾದ್ರಪದದ ಪಿತೃಪಕ್ಷದಲ್ಲಿ. ಗಣೇಶನ ಹಬ್ಬ ಕಳೆದು ಮಾಲಯ ಅಮಾಸೆ ಬರುವಷ್ಟರಲ್ಲಿ ತುಮಕೂರು ಜಿಲ್ಲೆಯ ಮನೆಮನೆಯಲ್ಲಿ ಹಿರಿಯರ ಹಬ್ಬ. ಮನೆ ಸಾರಿಸಿ, ಕಲಶ ಇಟ್ಟು, ಹಿರಿಯರ ಹೆಸರಿನಲ್ಲಿ ಹೊಸಬಟ್ಟೆ ಇಟ್ಟು, ಬಾಳೆಯೆಲೆಯ ಮೇಲೆ ಎಡೆ ಹಾಕುತ್ತಾರೆ. ತಿನ್ನುವ ಮನೆಗಳಲ್ಲಿ ಬಾಡಿನ ಸಾರು, ರಾಗಿಮುದ್ದೆ. ತಿನ್ನದ ಮನೆಗಳಲ್ಲಿ ಪಾಯಸ, ವಡೆ, ಒಬ್ಬಟ್ಟು. ಎಣ್ಣೆಯಲ್ಲಿ ಕರಿದ ಕಜ್ಜಾಯ ಎರಡೂ ಕಡೆ. ಹೋದವರಿಗೆ ಯಾವುದು ಇಷ್ಟವಿತ್ತೋ ಅದು ಎಡೆಗೆ ಬರಲೇಬೇಕು. ಅಜ್ಜನಿಗೆ ಬೀಡಿ, ಚಿಕ್ಕಪ್ಪನಿಗೆ ಹೆಂಡ, ಅಜ್ಜಿಗೆ ಎಲೆಅಡಿಕೆ ಮತ್ತು ಹೊಗೆಸೊಪ್ಪು. ಧೂಪ ಹಾಕಿ ಬಾಗಿಲು ಮುಂದೆ ಮಾಡಿಕೊಂಡು ಮನೆಮಂದಿಯೆಲ್ಲ ಹೊರಗೆ ನಿಲ್ಲುತ್ತಾರೆ. ಒಳಗೆ ಹಿರಿಯರು ಉಣ್ಣುವ ಹೊತ್ತು ಅದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಬಡಿದು, ತಿಳಿಸಿ, ಒಳಹೊಕ್ಕು ಎಲ್ಲರೂ ಪಂಕ್ತಿ ಕೂರುತ್ತಾರೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ ಹೋಗಿ ಬಂದವರನ್ನು ಬಹುಕಾಲ ಕಾಡುವುದು ಈ ಬಾಗಿಲ ಹೊರಗಿನ ನಿಲುವು. ಅಪಾರ್ಟ್‌ಮೆಂಟಿನಲ್ಲೂ ಎಡೆ ಇಡುವವರಿದ್ದಾರೆ, ಆದರೆ ಅಲ್ಲಿ ಮನೆಮಂದಿ ಹೊರಗೆ ನಿಂತರೆ ಲಿಫ್ಟಿನ ಮುಂದೆ ನಿಲ್ಲಬೇಕಾಗುತ್ತದೆ. ಸತ್ತವರು ಹುಟ್ಟದ, ಬಾಳದ, ದಾರಿಯೇ ಗೊತ್ತಿಲ್ಲದ ಮನೆಗೆ ಅವರನ್ನು ಕರೆಯುವುದು ಹೇಗೆ ಎಂಬ ಸಂಕಟ ನಗರ ಸೇರಿದ ಎಷ್ಟೋ ಕುಟುಂಬಗಳಲ್ಲಿದೆ. ಅಮಾಸೆಯ ಮುನ್ನಾದಿನ ತುಮಕೂರಿನ ಕಡೆಗೆ ಹೊರಡುವ ಬಸ್ಸುಗಳು ತುಂಬಿ ತುಳುಕುವುದಕ್ಕೆ ಇದೂ ಒಂದು ಕಾರಣ. ದೆಹಲಿಯ ಫಿರೋಜ್ ಷಾ ಕೋಟ್ಲಾದ ಪಾಳು ಕೋಣೆಗಳಲ್ಲಿ ಗುರುವಾರದಂದು ಜನ ಜಿನ್‌ಗಳಿಗೆ ಅರ್ಜಿ ಬರೆದಿಟ್ಟು ಬರುತ್ತಾರೆ. ಕಷ್ಟ ಹೇಳಿಕೊಂಡು, ವಿಳಾಸ ಬರೆದು, ದೀಪ ಹಚ್ಚಿಟ್ಟು ಬರುವ ಆ ಜನಕ್ಕೂ ಇಲ್ಲಿ ಎಡೆಯಿಟ್ಟು ಹೊರಗೆ ಕಾಯುವವರಿಗೂ ಒಂದು ಸಾಮ್ಯವಿದೆ. ಇಬ್ಬರಿಗೂ ಕಣ್ಣಿಗೆ ಕಾಣದವರ ಜೊತೆ ಕೊಡುಕೊಳೆಯ ಸಂಬಂಧವಿದೆ. ಹೆದರಿಕೆ ಇದ್ದರೂ ಅದು ಹಿರಿಯರ ಮುಂದೆ ಇರುವಂಥ ಹೆದರಿಕೆ.

ನಗರದ ಅಂಚಿನ ಕ್ಯಾತ್ಸಂದ್ರ ತಟ್ಟೆ ಇಡ್ಲಿಗೆ ಹೆಸರಾದ ಜಾಗ. ಅಗಲವಾದ ತಟ್ಟೆಗಳಲ್ಲಿ ಬೆಂದ ಮೃದುವಾದ ಇಡ್ಲಿಯ ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಅಲ್ಲಿಂದ ಕೂಗಳತೆಯಲ್ಲಿ ಸಿದ್ಧಗಂಗಾ ಮಠ. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಗದ್ದುಗೆ ಅಲ್ಲಿದೆ. ವೀರಶೈವ ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ, ಸಂತರ ಸಮಾಧಿ ಗದ್ದುಗೆಯಾಗಿ ಪೂಜೆಗೊಳ್ಳುತ್ತದೆ. ಸುಮಾರು 10 ಸಾವಿರ ಮಕ್ಕಳು ಉಚಿತವಾಗಿ ಉಂಡು, ಇದ್ದು, ಓದುವ ಮಠ ಇದು. ದೆವ್ವದ ನಡಿಗೆಯಲ್ಲಿ ಮಠವೊಂದು ಬರುವುದು ಕೆಲವರಿಗೆ ಅಸಂಗತವೆನಿಸಬಹುದು. ಆದರೆ ಈ ಸೀಮೆಯಲ್ಲಿ ಸತ್ತವರು ಎರಡು ಬಗೆ. ಬದುಕಿರುವವರು ಉಣಿಸಬೇಕಾದವರು ಒಂದು ಬಗೆ, ಬದುಕಿರುವವರಿಗೆ ಉಣಿಸುವವರು ಇನ್ನೊಂದು ಬಗೆ. ಹಿರಿಯರ ಎಡೆಯಿಂದ ಗದ್ದುಗೆಯ ದಾಸೋಹದವರೆಗಿನ ದಾರಿಯನ್ನು ಒಟ್ಟಿಗೆ ನೋಡಿದಾಗಲೇ ದೆವ್ವ ಎಂಬುದು ಇಲ್ಲಿ ಏನೆಂದು ತಿಳಿಯುತ್ತದೆ.

ಗುಬ್ಬಿ ತುಮಕೂರಿನಿಂದ ಪಶ್ಚಿಮಕ್ಕೆ 20 ಕಿಲೋಮೀಟರ್ ಆಸುಪಾಸಿನಲ್ಲಿದೆ. ಅಡಿಕೆ, ತೆಂಗಿನ ತೋಟಗಳ ನಡುವಿನ ಹಳೆಯ ವ್ಯಾಪಾರದ ಪಟ್ಟಣ. ಈ ಊರಿನ ಮೊದಲ ಸಾವಿನ ಕತೆ ಹಕ್ಕಿಗಳದು. ಪುರಾಣ ಪ್ರವಚನ ನಡೆಯುತ್ತಿದ್ದ ಜಾಗಕ್ಕೆ ದಿನವೂ ಜೋಡಿ ಗುಬ್ಬಿಗಳು ಬಂದು ಕೂತು ಕೇಳುತ್ತಿದ್ದವಂತೆ. ಪುರಾಣ ಮಂಗಳವಾದ ದಿನ ಎರಡೂ ಅಲ್ಲೇ ಪ್ರಾಣ ಬಿಟ್ಟವಂತೆ. ಊರಿಗೆ ಆ ಹೆಸರೇ ನಿಂತಿತು ಎನ್ನುತ್ತಾರೆ. ಕತೆ ಕೇಳುತ್ತ ಸತ್ತ ಜೀವಗಳಿಂದ ಹೆಸರು ಪಡೆದ ಪಟ್ಟಣ ಕತೆ ಹೇಳುವುದರಲ್ಲೇ ನಾಡಿಗೆ ದೊಡ್ಡದಾಗಿ ಬೆಳೆದದ್ದು ವಿಶೇಷ. ಇಲ್ಲಿನ ಗದ್ದುಗೆ ಗೋಸಲ ಚನ್ನಬಸವೇಶ್ವರರದು. ಊರಿನವರ ಬಾಯಲ್ಲಿ ಅವರು ಗುಬ್ಬಿಯಪ್ಪ. 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಈ ದೇವರ ಹೆಸರನ್ನೇ ಇಟ್ಟುಕೊಂಡು ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವಾಯಿತು. ಬಾಲನಟನಾಗಿ ಅದನ್ನು ಸೇರಿದ ಗುಬ್ಬಿ ವೀರಣ್ಣ ಮುಂದೆ ಅದರ ಯಜಮಾನರಾದರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಆ ಕಂಪನಿಯ ಅನ್ನ ಉಂಡವರು.

ಕಂಪನಿ ನಾಟಕ ರಾತ್ರಿಯ ಕಲೆ. ಊರೂರು ತಿರುಗಿ, ಡೇರೆ ಹಾಕಿ, ಪರದೆ ಎತ್ತಿ, ಸತ್ತುಹೋದ ರಾಜರನ್ನು ಬಣ್ಣ ಬಳಿದು ನಿಲ್ಲಿಸುವ ಕೆಲಸ. ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬರುತ್ತಿದ್ದವು. ಕಂಪನಿಗಳ ಕಾಲ ಮುಗಿದ ಮೇಲೂ ತುಮಕೂರು ಜಿಲ್ಲೆಯ ಹಳ್ಳಿಗಳು ಕುರುಕ್ಷೇತ್ರವನ್ನು ಬಿಟ್ಟಿಲ್ಲ. ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದರೆ ಬಾಡಿಗೆಯ ಸೀನರಿ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸಿರುತ್ತಾರೆ, ಹಗಲು ಹೊಲ ಉಳುವವನು ರಾತ್ರಿ ದುರ್ಯೋಧನನಾಗಿ ಬೆಳಗಿನವರೆಗೆ ಕಂದ ಹಾಡುತ್ತಾನೆ. ಕರ್ಣ ಸತ್ತಾಗ ಎದುರಿಗೆ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸುತ್ತಾರೆ, ಪಾತ್ರಧಾರಿಗೆ ನೋಟಿನ ಹಾರ ಬೀಳುತ್ತದೆ, ಮುಂದಿನ ವರ್ಷ ಅದೇ ಕರ್ಣ ಅದೇ ಜಾಗದಲ್ಲಿ ಮತ್ತೆ ಸಾಯುತ್ತಾನೆ. ದೆವ್ವದ ನಡಿಗೆಯ ಮಾರ್ಗದರ್ಶಿ ಕಲಿಯಬೇಕಾದ ವಿದ್ಯೆಯೆಲ್ಲ ಈ ಮೇಷ್ಟ್ರುಗಳ ಬಳಿ ಇದೆ. ದನಿ ಎಲ್ಲಿ ತಗ್ಗಿಸಬೇಕು, ಪರದೆ ಎಷ್ಟು ಹೊತ್ತು ಕೆಳಗಿರಬೇಕು, ಅಳು ಬರುವ ಮುಂಚೆ ನಗಿಸಬೇಕಾದದ್ದು ಏಕೆ ಎಂಬುದು ಅವರಿಗೆ ಗೊತ್ತು. ತುಮಕೂರಿನ ರಂಗಮಂದಿರಕ್ಕೆ ವೀರಣ್ಣನವರ ಹೆಸರಿಟ್ಟಿರುವುದು ಈ ಜಿಲ್ಲೆಗೆ ಸಲ್ಲುವ ಗೌರವ.

ಕತೆಗಳ ಸೊಗಸಿನಲ್ಲಿ ಮರೆಯಬಾರದ ಸಂಗತಿ ಒಂದಿದೆ. ಬಾವಿಗಳ ಸುತ್ತ, ಹಿತ್ತಿಲ ಮರಗಳ ಸುತ್ತ ಹುಟ್ಟಿದ ದೆವ್ವದ ಕತೆಗಳಲ್ಲಿ ಬಹುಪಾಲು ಹೆಂಗಸರವು. ಬಾಣಂತಿ ಕೋಣೆಯಲ್ಲಿ ಸತ್ತವಳು, ಗಂಡನ ಮನೆಯ ಕಾಟ ತಾಳದೆ ಬಾವಿಗೆ ಬಿದ್ದವಳು, ಬಸಿರಾಗಿ ಊರಿಗೆ ಹೆದರಿ ನೇಣು ಹಾಕಿಕೊಂಡವಳು. ಬದುಕಿದ್ದಾಗ ಅವಳ ದೂರು ಕೇಳದ ಊರು ಸತ್ತ ಮೇಲೆ ಅವಳ ದನಿ ಕೇಳಿಸಿತೆಂದು ಹೆದರುತ್ತದೆ. ಮಾರ್ಗದರ್ಶಿ ಬಿಳಿ ಸೀರೆ, ಹಿಮ್ಮುಖ ಪಾದ ಎಂದು ಬಣ್ಣಿಸಿ ಮುಂದೆ ಹೋದರೆ ಆಕೆಗೆ ಎರಡನೆಯ ಸಲ ಅನ್ಯಾಯವಾದಂತೆ. ಆಕೆ ಹೇಗೆ ಸತ್ತಳು ಎಂಬುದನ್ನು ಹೇಳಬೇಕು. ಅದೇ ಹೊತ್ತಿಗೆ ಮನೆಯನ್ನು ಬೆರಳಿಟ್ಟು ತೋರಿಸಬಾರದು. ಅಲ್ಲಿ ಆಕೆಯ ಮೊಮ್ಮಕ್ಕಳು ವಾಸವಿರುತ್ತಾರೆ. ಗಾಳಿ ಬಿಡಿಸುವ ಹೆಸರಿನಲ್ಲಿ ಈಗಲೂ ಪೆಟ್ಟು ತಿನ್ನುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳನ್ನು ತಡೆಯಲು ಕರ್ನಾಟಕ 2017ರಲ್ಲಿ ಮಾಡಿದ ಕಾಯ್ದೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು, ಹಿಂಸಿಸುವುದನ್ನು ಅಪರಾಧವೆಂದು ಸಾರಿದೆ. ನಡಿಗೆಯಲ್ಲಿ ಈ ಮಾತನ್ನು ಹೇಳಿದರೆ ಕತೆಯ ಗುಂಗು ಒಡೆಯುತ್ತದೆ ಎನ್ನುವವರಿದ್ದಾರೆ. ಒಡೆದರೂ ಹೇಳಬೇಕು. ಊರಿನ ಸ್ಮಶಾನಗಳು ಜಾತಿಜಾತಿಗೆ ಬೇರೆಯಾಗಿರುವುದನ್ನೂ, ಹೆಣ ಹೂಳಲು ಜಾಗವಿಲ್ಲದೆ ದಲಿತ ಕೇರಿಗಳು ಪರದಾಡುವುದನ್ನೂ ಬಿಟ್ಟು ಸತ್ತವರ ಭೂಗೋಳ ಹೇಳಲಾಗುವುದಿಲ್ಲ.

ತುಮಕೂರಿನಿಂದ ಕುಣಿಗಲ್ ಕಡೆಗಿನ ದಾರಿಯಲ್ಲಿ ಮೊದಲು ಸಿಗುವುದು ಗೂಳೂರು. ಇಲ್ಲಿನ ದೊಡ್ಡ ಮಣ್ಣಿನ ಗಣಪ ನಾಡಿಗೇ ಗೊತ್ತು. ಚೌತಿಯ ದಿನ ಕೆರೆಯ ಮಣ್ಣು ತಂದು ಆರಂಭಿಸುವ ಮೂರ್ತಿ ದೀಪಾವಳಿಯ ಬಲಿಪಾಡ್ಯಮಿಗೆ ಮುಗಿಯುತ್ತದೆ, ಕಾರ್ತಿಕವಿಡೀ ಪೂಜೆಗೊಂಡು ಕೊನೆಗೆ ಕೆರೆ ಸೇರುತ್ತದೆ. ಆದ್ದರಿಂದ ಪಿತೃಪಕ್ಷದಲ್ಲಿ ಹೋದವರಿಗೆ ಕಾಣುವುದು ಹಸಿಮಣ್ಣಿನ, ಇನ್ನೂ ಕಣ್ಣು ಮೂಡದ ಗಣಪ. ಮನೆಗಳಲ್ಲಿ ಮೈಯಿಲ್ಲದ ಹಿರಿಯರಿಗೆ ಎಡೆ, ಗುಡಿಯಲ್ಲಿ ಇನ್ನೂ ಜೀವ ಬಾರದ ಮೈ. ಪಂಚಾಂಗ ಇವೆರಡನ್ನೂ ಒಂದೇ ಕಾಲಕ್ಕೆ ತಂದಿರಿಸಿದೆ.

ಗೂಳೂರಿಗೆ ಹತ್ತಿರದ ಕೈದಾಳದಲ್ಲಿ 12ನೇ ಶತಮಾನದ ಚೆನ್ನಕೇಶವ ದೇವಾಲಯವಿದೆ. ಸಾಮಂತ ಬಾಚಿದೇವನೆಂಬುವನು ಕಟ್ಟಿಸಿದನೆಂದು 1150ರ ಸುಮಾರಿನ ಶಾಸನ ಹೇಳುತ್ತದೆ. ಜನ ಹೇಳುವುದು ಶಿಲ್ಪಿ ಜಕಣಾಚಾರಿಯ ಕತೆಯನ್ನು. ಬೇಲೂರಿನಲ್ಲಿ ತಾನು ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದ ಹುಡುಗ ಡಂಕಣ, ಕಲ್ಲಿನೊಳಗಿಂದ ಬಂದ ಕಪ್ಪೆ, ಪಂತಕ್ಕೆ ಕಟ್ಟುಬಿದ್ದು ಕತ್ತರಿಸಿಕೊಂಡ ಬಲಗೈ, ಆ ಹುಡುಗ ತನ್ನ ಮಗನೇ ಎಂಬ ಅರಿವು. ಕೊನೆಗೆ ತವರೂರಾದ ಇಲ್ಲಿ ಕೇಶವನನ್ನು ನಿಲ್ಲಿಸಿದಾಗ ಮರಳಿ ಬಂದ ಕೈ. ಶಾಸನಗಳಲ್ಲಿ ಈ ಶಿಲ್ಪಿಯ ಕತೆಗೆ ಆಧಾರವಿಲ್ಲ. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೇ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ಪ್ರಕಟಿಸಿದರು. ಆ ಸಂಪುಟ ಮಾರ್ಗದರ್ಶಿಯ ಒಂದು ಕೈಯಲ್ಲಿ, ಊರಿನವರ ಮಾತು ಇನ್ನೊಂದು ಕೈಯಲ್ಲಿ ಇರಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟರೆ ಕೈದಾಳ ಅರ್ಧವಾಗುತ್ತದೆ.

ದಾರಿಯುದ್ದಕ್ಕೂ ಹಳ್ಳಿಗಳ ಅಂಚಿನಲ್ಲಿ, ಬೇವಿನ ಮರಗಳ ಬುಡದಲ್ಲಿ ವೀರಗಲ್ಲುಗಳು, ಮಾಸ್ತಿಕಲ್ಲುಗಳು ಕಾಣುತ್ತವೆ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ಹಲವು ಸಲ ದನಗಳ ಸಾಲು. ನಡುವೆ ಅಪ್ಸರೆಯರು ಎತ್ತಿಕೊಂಡೊಯ್ಯುವ ವೀರ. ಮೇಲೆ ಲಿಂಗದ ಮುಂದೆ ಕೂತ ಅದೇ ವೀರ. ತುರು ಕಾಯಲು ಹೋಗಿ ಸತ್ತವನಿಗೆ ಊರು ಕೊಟ್ಟ ಜಾಗ ಅದು. ಸತಿಹೋದವಳ ನೆನಪಿನ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಎತ್ತಿದ ತೋಳೊಂದು, ಅಂಗೈಯಲ್ಲಿ ನಿಂಬೆಹಣ್ಣು. ಬೆಂಗಳೂರಿನಲ್ಲಿ ಇಂಥ ಎಷ್ಟೋ ಕಲ್ಲುಗಳು ಚರಂಡಿಯ ಹಾಸಾದವು, ಕಟ್ಟಡದ ಬುನಾದಿ ಸೇರಿದವು. ಹೆಬ್ಬಾಳದ 8ನೇ ಶತಮಾನದ ಕಿಟ್ಟಯ್ಯನ ವೀರಗಲ್ಲನ್ನು ಉಳಿಸಲು ಆಸಕ್ತರು ಟೊಂಕಕಟ್ಟಿ ನಿಲ್ಲಬೇಕಾಯಿತು. ಇಲ್ಲಿನ ಹಳ್ಳಿಗಳಲ್ಲಿ ಎಣ್ಣೆ, ಅರಿಸಿನ, ಕುಂಕುಮ ಬೀಳುತ್ತಿರುವುದರಿಂದಲೇ ಎಷ್ಟೋ ಕಲ್ಲು ಉಳಿದಿವೆ. ಕಲ್ಲಿನಲ್ಲಿರುವವನ ಹೆಸರು ಪೂಜೆ ಮಾಡುವವರಿಗೆ ಗೊತ್ತಿರುವುದಿಲ್ಲ. ಆದರೂ ವರ್ಷಕ್ಕೊಮ್ಮೆ ಅವನಿಗೂ ಎಡೆಯುಂಟು.

ಕುಣಿಗಲ್ ಊರಿಗೆ ಮೊದಲು ಕೆರೆ, ಆಮೇಲೆ ಉಳಿದದ್ದೆಲ್ಲ. ಇದರ ಚೆಲುವನ್ನು ಹಾಡುವ ಜನಪದ ಗೀತೆ ಕರ್ನಾಟಕದ ಶಾಲೆ ಮಕ್ಕಳಿಗೂ ಬಾಯಿಪಾಠ. ಕೆರೆ ತುಂಬಿದ ವರ್ಷ ಏರಿಯ ಮೇಲೆ ಸಂಜೆ ಜಾತ್ರೆಯಂತೆ ಜನ. ಕತ್ತಲಾದ ಮೇಲೆ ಅಂಗಳದಾಚೆ ಬೆಳಕೊಂದು ಆಡಿದರೆ ಹಿಂದಿನವರು ಕೊಳ್ಳಿದೆವ್ವ ಎನ್ನುತ್ತಿದ್ದರು. ತೂಬು ನೋಡಲು, ಗದ್ದೆಗೆ ನೀರು ತಿರುವಲು ರಾತ್ರಿಯೆಲ್ಲ ಓಡಾಡುತ್ತಿದ್ದವನು ನೀರುಗಂಟಿ. ಅವನ ಕೈಯ ದೀಪಕ್ಕೂ ಎಷ್ಟೋ ಸಲ ಆ ಹೆಸರು ಸಂದಿರಬೇಕು. ಕೆರೆಗಳಿಗೂ ಸಾವಿಗೂ ಇರುವ ನಂಟು ಇಲ್ಲಿಗೆ ಸೀಮಿತವಲ್ಲ. 'ಕೆರೆಗೆ ಹಾರ' ಎಂಬ ಕಥನಗೀತೆಯಲ್ಲಿ ಕಲ್ಲನಕೇರಿಯ ಮಲ್ಲನಗೌಡನ ಕೆರೆಗೆ ನೀರು ಬಾರದೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಯಾವ ಹಳೆಯ ಕೆರೆಯ ಏರಿಯ ಮೇಲೆ ನಿಂತರೂ ಈ ಕತೆ ನೆನಪಾಗುವುದಕ್ಕೆ ಕಾರಣವಿದೆ. ಏರಿ ನಿಲ್ಲುವುದು ಯಾರದೋ ಬೆವರಿನಿಂದ, ಒಮ್ಮೊಮ್ಮೆ ಯಾರದೋ ಪ್ರಾಣದಿಂದ. ಅದರ ನೀರು ಉಂಡವರು ಆ ಋಣವನ್ನು ಗಂಗಪೂಜೆಯಲ್ಲಿ ತೀರಿಸುತ್ತಾರೆ. ಊರಿನ ಇನ್ನೊಂದು ಹೆಸರುವಾಸಿ ಜಾಗ ಕುದುರೆ ಫಾರಂ; ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಬೆಳೆಸಿದ ಜಾಗ ಈಚಿನ ಕಾಲದಲ್ಲಿ ರೇಸಿಗೆ ಕುದುರೆ ಬೆಳೆಸಿತು. ಅಲ್ಲಿನ ಕತೆಗಳಿಗೆ ಬೇರೆಯೇ ಒಂದು ರಾತ್ರಿ ಬೇಕು.

ಹಾದಿ ಮುಗಿಯುವುದು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ. ತೋಂಟದ ಸಿದ್ಧಲಿಂಗೇಶ್ವರರು ಕಗ್ಗೆರೆಯಲ್ಲಿ ತಪಸ್ಸಿಗೆ ಕೂತು, ಮೈಮೇಲೆ ಹುತ್ತ ಬೆಳೆದು, ಹಸುವೊಂದು ಆ ಹುತ್ತಕ್ಕೆ ಹಾಲು ಕರೆಯುತ್ತಿತ್ತು ಎಂಬುದು ಐತಿಹ್ಯ. 'ಷಟ್‌ಸ್ಥಲ ಜ್ಞಾನಸಾರಾಮೃತ'ದ 701 ವಚನಗಳ ಕರ್ತೃ ಅವರು. ಎಡೆಯೂರಿನಲ್ಲಿ ಜೀವಂತವಾಗಿಯೇ ಸಮಾಧಿ ಹೊಕ್ಕರು ಎಂದು ಭಕ್ತರು ನಂಬುತ್ತಾರೆ, ಆದ್ದರಿಂದ ಗದ್ದುಗೆಯ ಮುಂದೆ ನಿಂತವರ ಮಾತಿನಲ್ಲಿ ಅವರು ಇದ್ದವರಲ್ಲ, ಇರುವವರು. ಅವರಿಗೆ ಗುರುವಾದವರು ಗುಬ್ಬಿಯ ಗದ್ದುಗೆಯಲ್ಲಿರುವ ಗೋಸಲ ಚನ್ನಬಸವೇಶ್ವರರು. ಹೀಗೆ ಗುಬ್ಬಿಯಿಂದ ಎಡೆಯೂರಿಗೆ ಬರುವವರು ಗುರುವಿನ ಗದ್ದುಗೆಯಿಂದ ಶಿಷ್ಯನ ಗದ್ದುಗೆಗೆ ಬಂದಿರುತ್ತಾರೆ. ಅಮಾಸೆಯಂದು ಇಲ್ಲಿ ಜನಸಂದಣಿ. ಹರಕೆ ಹೊತ್ತವರು, ಮಕ್ಕಳ ಜವಳ ತೆಗೆಸುವವರು, ಮನಸ್ಸು ಕೆಟ್ಟವರನ್ನು ಕರೆತಂದವರು, ದಾರಿಹೋಕರು ಎಲ್ಲರಿಗೂ ದಾಸೋಹದಲ್ಲಿ ಅನ್ನ, ಸಾರು, ಪಾಯಸ. ಉಂಡವರು ಕೈತೊಳೆದು ಹೆದ್ದಾರಿಗೆ ಬಂದು ಹಾಸನದ ಕಡೆಗೋ ಬೆಂಗಳೂರಿನ ಕಡೆಗೋ ಬಸ್ಸು ಹತ್ತುತ್ತಾರೆ.